ಎಕ್ಸ್‌ಟೆನ್ಷನ್‌ನಿಂದ ಕಾಣೆಯಾದ ಸೌಲಭ್ಯವನ್ನು ಮರಳಿ ತರುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜು ಲ್ಯಾಬ್‌ಗಳಲ್ಲಿ, ಚಿತ್ರದುರ್ಗ, ಹೊಳಲ್ಕೆರೆ, ಚಳ್ಳಕೆರೆ ಕಡೆಯ ಪಾಲಿಟೆಕ್ನಿಕ್‌ಗಳಲ್ಲಿ, ಡಿಟಿಪಿ ಅಂಗಡಿ ನಡೆಸುತ್ತಲೇ ಸಣ್ಣಪುಟ್ಟ ಸ್ಕ್ರಿಪ್ಟ್ ಬರೆದುಕೊಳ್ಳುವವರಲ್ಲಿ ವಿಎಸ್ ಕೋಡ್ ಎಂಬ, ಕೋಡ್ ಬರೆಯುವ ಎಡಿಟರ್ ಬಳಸುವವರು ಬಹಳ ಮಂದಿ. ಅದಕ್ಕೆ ಹೆಚ್ಚುವರಿ ಸೌಲಭ್ಯ ಸೇರಿಸುವ ಒಂದು ಎಕ್ಸ್‌ಟೆನ್ಷನ್ ಅಪ್‌ಡೇಟ್ ಆಗಿ, ಕೈಗೆ ರೂಢಿಯಾಗಿದ್ದ ಮೆನುವೋ ಶಾರ್ಟ್‌ಕಟ್ಟೋ ಕಾಣೆಯಾಗಿ ಕೆಲಸ ನಿಂತಾಗ ಅವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಸುಲಭದವು ಮೊದಲು, ಕೋಡ್ ಬಿಚ್ಚಬೇಕಾದವು ಆಮೇಲೆ.

ಕಮಾಂಡ್, ಸೆಟ್ಟಿಂಗ್, ಫೈಲ್ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಚುಕ್ಕಿ, ಹೈಫನ್‌ಗಳು ಇಲ್ಲಿರುವಂತೆಯೇ ಇರಲಿ. ಉದಾಹರಣೆಗಾಗಿ ಎಲ್ಲ ಕಡೆ ಒಂದೇ ಕಲ್ಪಿತ ಸೌಲಭ್ಯ ಇಟ್ಟುಕೊಂಡಿದೆ: ಹಳೆಯ ನುಡಿ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಕಮಾಂಡ್. ಅದರ ಐಡಿ ‘ನುಡಿ.ಟುಯೂನಿಕೋಡ್’.

## ಮೊದಲು ನೋಡಬೇಕಾದ್ದು

ನಿನ್ನೆವರೆಗೂ ಇದ್ದ ಮೆನು ಇವತ್ತು ಕಾಣ್ತಾ ಇಲ್ಲ. ನಿಜವಾಗ್ಲೂ ತೆಗೆದಿದ್ದಾರಾ, ಇಲ್ಲಾ ನಮ್ಮ ಸಿಸ್ಟಮ್ಮಿಂದೇ ತೊಂದ್ರೆನಾ?

ಎಕ್ಸ್‌ಟೆನ್ಷನ್ ಪುಟ ತೆರೆದು ‘ಚೇಂಜ್‌ಲಾಗ್’ ಟ್ಯಾಬ್ ಓದಿ. ‘ರಿಮೂವ್ಡ್’, ‘ಡೆಪ್ರಿಕೇಟೆಡ್’, ‘ಬ್ರೇಕಿಂಗ್’ ಎಂಬ ಪದಗಳ ಪಕ್ಕ ನಿಮ್ಮ ಸೌಲಭ್ಯದ ಹೆಸರಿದ್ದರೆ ತೆಗೆದದ್ದು ಖಚಿತ. ಹೆಸರಿಲ್ಲದಿದ್ದರೆ ಕಂಟ್ರೋಲ್+ಶಿಫ್ಟ್+ಪಿ ಒತ್ತಿ ಕಮಾಂಡ್ ಪ್ಯಾಲೆಟ್‌ನಲ್ಲಿ (ಕಮಾಂಡ್‌ಗಳನ್ನು ಹೆಸರಿನಿಂದ ಹುಡುಕುವ ಪೆಟ್ಟಿಗೆ) ಹುಡುಕಿ. ಎಷ್ಟೋ ಸಲ ರೈಟ್ ಕ್ಲಿಕ್ ಮೆನುವಿನಿಂದ ಮಾತ್ರ ತೆಗೆದಿರುತ್ತಾರೆ, ಕಮಾಂಡ್ ಪ್ಯಾಲೆಟ್‌ನಲ್ಲಿ ಹಾಗೇ ಇರುತ್ತದೆ. ಹಾಗಿದ್ದರೆ ಅದಕ್ಕೊಂದು ಶಾರ್ಟ್‌ಕಟ್ ಕೊಟ್ಟುಕೊಂಡರೆ ಮುಗಿಯಿತು.

ಅಲ್ಲೂ ಸಿಗದಿದ್ದರೆ ಇನ್ನು ಮೂರು ಅನುಮಾನ ಪರಿಹರಿಸಿಕೊಳ್ಳಿ. ಒಂದು, ಪೆನ್ ಡ್ರೈವ್‌ನಿಂದ ಫೋಲ್ಡರ್ ತೆರೆದಾಗ ‘ನಂಬುತ್ತೀರಾ’ ಎಂದು ಕೇಳುವ ಕಿಟಕಿಗೆ ಇಲ್ಲ ಎಂದಿದ್ದರೆ ಎಡಿಟರ್ ‘ರಿಸ್ಟ್ರಿಕ್ಟೆಡ್ ಮೋಡ್’ಗೆ ಹೋಗುತ್ತದೆ, ಆಗ ಎಷ್ಟೋ ಎಕ್ಸ್‌ಟೆನ್ಷನ್‌ಗಳು ಚಾಲೂ ಆಗುವುದೇ ಇಲ್ಲ. ಎರಡು, ಫೈಲಿನ ಭಾಷೆ. ಕೆಳಗಿನ ಪಟ್ಟಿಯಲ್ಲಿ ‘ಪ್ಲೇನ್ ಟೆಕ್ಸ್ಟ್’ ಎಂದಿದ್ದರೆ ಪೈಥಾನ್‌ಗೆಂದೇ ಇರುವ ಮೆನು ತೋರಿಸದು. ಮೂರು, ಇನ್ನೊಂದು ಎಕ್ಸ್‌ಟೆನ್ಷನ್ ಜೊತೆ ಜಗಳ. ಇದಕ್ಕೆ ಪ್ಯಾಲೆಟ್‌ನಲ್ಲಿ ‘ಹೆಲ್ಪ್: ಸ್ಟಾರ್ಟ್ ಎಕ್ಸ್‌ಟೆನ್ಷನ್ ಬೈಸೆಕ್ಟ್’ ಇದೆ. ಅರ್ಧರ್ಧ ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸುತ್ತಾ, ತೊಂದರೆ ಇನ್ನೂ ಇದೆಯಾ ಎಂದು ನಿಮ್ಮನ್ನು ಕೇಳುತ್ತಾ ಅದು ತಪ್ಪಿತಸ್ಥನನ್ನು ಹಿಡಿದುಕೊಡುತ್ತದೆ.

ಅಪ್‌ಡೇಟ್ ಮಾಡು ಅಂತ ನಾವು ಹೇಳೇ ಇಲ್ಲ. ತಾನಾಗೇ ಹೆಂಗ್ ಬದಲಾತು?

ಎಕ್ಸ್‌ಟೆನ್ಷನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುವುದು ವಿಎಸ್ ಕೋಡ್‌ನ ಮೂಲ ವ್ಯವಸ್ಥೆ. ನೆಟ್ ಸಿಕ್ಕ ಕೂಡಲೇ ಹೊಸದನ್ನು ಇಳಿಸಿಕೊಳ್ಳುತ್ತದೆ. ಇಡೀ ಎಡಿಟರ್‌ಗೆ ಇದನ್ನು ನಿಲ್ಲಿಸಲು ಸೆಟ್ಟಿಂಗ್ಸ್‌ನಲ್ಲಿ ‘ಎಕ್ಸ್‌ಟೆನ್ಷನ್ಸ್.ಆಟೋಅಪ್‌ಡೇಟ್’ ಅನ್ನು ‘ಫಾಲ್ಸ್’ ಮಾಡಿ. ಒಂದೇ ಎಕ್ಸ್‌ಟೆನ್ಷನ್‌ಗೆ ಸಾಕೆಂದರೆ ಅದರ ಪುಟದಲ್ಲಿ ‘ಆಟೋ ಅಪ್‌ಡೇಟ್’ ಎದುರಿನ ಗುರುತು ತೆಗೆಯಿರಿ. ಸೆಮಿಸ್ಟರ್ ಮಧ್ಯೆ ಲ್ಯಾಬ್‌ಗೆ ಮೊದಲನೆಯದು ಸರಿ, ಸ್ವಂತ ಲ್ಯಾಪ್‌ಟಾಪ್‌ಗೆ ಎರಡನೆಯದು.

ಚೆನ್ನಾಗಿ ನಡೀತಿದ್ದುದನ್ನ ಯಾಕ್ರಿ ತೆಗೀತಾರೆ?

ಇದಕ್ಕೆ ಉತ್ತರ ಸಿಗುವವರೆಗೆ ಬೇರೇನೂ ಮಾಡಬೇಡಿ. ಯಾಕೆ ತೆಗೆದರೆಂಬುದರ ಮೇಲೆಯೇ ಮರಳಿ ತರುವ ದಾರಿ ನಿಂತಿದೆ.

ಎಷ್ಟೋ ಸಲ ಸೌಲಭ್ಯ ಎಲ್ಲೂ ಹೋಗಿರುವುದಿಲ್ಲ, ಮನೆ ಬದಲಿಸಿರುತ್ತದೆ. ಆವರಣ ಚಿಹ್ನೆಗಳಿಗೆ ಜೋಡಿ ಜೋಡಿಯಾಗಿ ಬಣ್ಣ ಹಾಕುವ ಎಕ್ಸ್‌ಟೆನ್ಷನ್ ಒಂದು ಕಾಲಕ್ಕೆ ಎಲ್ಲರ ಹತ್ತಿರವೂ ಇತ್ತು. 2021ರ ಆಗಸ್ಟ್‌ನ 1.60 ಆವೃತ್ತಿಯಲ್ಲಿ ವಿಎಸ್ ಕೋಡ್ ಆ ಕೆಲಸವನ್ನು ತಾನೇ ವಹಿಸಿಕೊಂಡಿತು, ಈಗ ‘ಎಡಿಟರ್.ಬ್ರ್ಯಾಕೆಟ್‌ಪೇರ್‌ಕಲರೈಸೇಷನ್.ಎನೇಬಲ್ಡ್’ ಎಂಬ ಸೆಟ್ಟಿಂಗ್ ಇದ್ದರೆ ಸಾಕು. ಪೈಥಾನ್ ಎಕ್ಸ್‌ಟೆನ್ಷನ್‌ನದು ಬೇರೆ ಬಗೆ. ಲಿಂಟಿಂಗ್ (ಕೋಡ್‌ನ ತಪ್ಪು ತೋರಿಸುವುದು), ಫಾರ್ಮ್ಯಾಟಿಂಗ್ (ಸಾಲುಗಳನ್ನು ಒಪ್ಪವಾಗಿ ಜೋಡಿಸುವುದು) ಎರಡನ್ನೂ 2023ರಲ್ಲಿ ಅದರಿಂದ ತೆಗೆದು ಪೈಲಿಂಟ್, ಫ್ಲೇಕ್8, ಬ್ಲ್ಯಾಕ್ ಫಾರ್ಮ್ಯಾಟರ್ ಎಂದು ಬಿಡಿ ಬಿಡಿ ಎಕ್ಸ್‌ಟೆನ್ಷನ್ ಮಾಡಿದರು. ಹಳೆಯ ಲ್ಯಾಬ್ ಮ್ಯಾನ್ಯುಯಲ್ ನೋಡಿ ‘ಪೈಥಾನ್.ಫಾರ್ಮ್ಯಾಟಿಂಗ್.ಪ್ರೊವೈಡರ್’ ಬರೆದರೆ ಈಗ ಏನೂ ಆಗುವುದಿಲ್ಲ. ಬ್ಲ್ಯಾಕ್ ಫಾರ್ಮ್ಯಾಟರ್ ಹಾಕಿಕೊಂಡು, ಸೆಟ್ಟಿಂಗ್ಸ್‌ನ ಪೈಥಾನ್ ವಿಭಾಗದಲ್ಲಿ ‘ಎಡಿಟರ್.ಡಿಫಾಲ್ಟ್‌ಫಾರ್ಮ್ಯಾಟರ್’ಗೆ ಅದರ ಐಡಿ ಕೊಡಬೇಕು. ಇಂಥ ಕಡೆ ಹಳೆಯ ಆವೃತ್ತಿಗೆ ಹೋಗುವುದು ವೃಥಾ ಶ್ರಮ.

ಉಳಿದ ಕಾರಣಗಳು: ಎಡಿಟರ್‌ನ ಎಪಿಐ (ಎಕ್ಸ್‌ಟೆನ್ಷನ್ ಎಡಿಟರ್‌ನಿಂದ ಕೆಲಸ ಮಾಡಿಸಿಕೊಳ್ಳುವ ಕರೆಗಳು) ಬದಲಾಗಿ ಹಳೆಯ ಕೋಡ್ ನಡೆಯದಿರುವುದು, ಹಿಂದೆ ನಿಂತು ಕೆಲಸ ಮಾಡುತ್ತಿದ್ದ ಸರ್ವರ್ ಮುಚ್ಚಿರುವುದು, ಭದ್ರತೆಯ ದೋಷ, ಅಥವಾ ನೋಡಿಕೊಳ್ಳುವವರಿಗೆ ಸಮಯವಿಲ್ಲದಿರುವುದು. ಸರ್ವರ್ ಹೋಗಿದ್ದರೆ ಕೋಡ್ ತಂದರೂ ಪ್ರಯೋಜನವಿಲ್ಲ. ಭದ್ರತೆಯ ಕಾರಣವಿದ್ದರೆ ಆ ದೋಷ ಸರಿಪಡಿಸದೆ ತರಲೇಬಾರದು. ಸಮಯವಿಲ್ಲವೆಂದು ತೆಗೆದಿದ್ದರೆ ಮಾತ್ರ ನಿಜವಾಗಿಯೂ ಮರಳಿ ತರುವ ಅವಕಾಶ ದೊಡ್ಡದು.

ಸೆಟ್ಟಿಂಗ್ಸ್ ಫೈಲ್‌ನಾಗ ನಮ್ಮ ಸಾಲು ಇದೆ, ಆದ್ರೆ ಮಾಸಿದ ಬಣ್ಣದಾಗ ಕಾಣ್ತೈತಿ. ಅಂದ್ರೆ ಏನು?

ಆ ಹೆಸರಿನ ಸೆಟ್ಟಿಂಗ್ ಯಾರಿಗೂ ಗೊತ್ತಿಲ್ಲ ಎಂದರ್ಥ. ಮೌಸ್ ಇಟ್ಟರೆ ‘ಅನ್‌ನೋನ್ ಕಾನ್ಫಿಗರೇಷನ್ ಸೆಟ್ಟಿಂಗ್’ ಎನ್ನುತ್ತದೆ. ಎಕ್ಸ್‌ಟೆನ್ಷನ್ ಬರೆದವರು ಕಾಳಜಿಯವರಾದರೆ ಸೆಟ್ಟಿಂಗ್ ತೆಗೆಯುವ ಮುನ್ನ ಕೆಲವು ಆವೃತ್ತಿಗಳವರೆಗೆ ಅಲ್ಲಿ ‘ಇದರ ಬದಲು ಇಂಥದ್ದು ಬಳಸಿ’ ಎಂಬ ಸೂಚನೆ ಇಟ್ಟಿರುತ್ತಾರೆ. ಹಳೆಯ ಆವೃತ್ತಿಯ ವಿವರಗಳಿರುವ ‘ಪ್ಯಾಕೇಜ್.ಜೇಸನ್’ ಫೈಲ್ ಒಳಗೆ ‘ಡೆಪ್ರಿಕೇಷನ್‌ಮೆಸೇಜ್’ ಎಂದು ಹುಡುಕಿದರೆ ಹೊಸ ಹೆಸರು ಅಲ್ಲೇ ಸಿಗಬಹುದು. ಶಾರ್ಟ್‌ಕಟ್‌ಗೂ ಇದೇ ಮಾತು. ಕಮಾಂಡ್‌ನ ಐಡಿ ಬದಲಾದರೆ ‘ಕೀಬೈಂಡಿಂಗ್ಸ್.ಜೇಸನ್’ನಲ್ಲಿ ನೀವು ಬರೆದ ಹಳೆಯ ಐಡಿ ತಾನಾಗಿ ಬದಲಾಗದು.

## ಹಳೆಯ ಆವೃತ್ತಿಗೆ ಮರಳುವುದು

ಕೋಡ್ ಗೀಡ್ ಮುಟ್ಟದೆ ಹಳೇ ವರ್ಷನ್ ವಾಪಸ್ ಹಾಕ್ಕೊಳ್ಳೋದು ಹೇಗೆ?

ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಅದರ ಗೇರ್ ಚಿಹ್ನೆ ಒತ್ತಿ ‘ಇನ್‌ಸ್ಟಾಲ್ ಸ್ಪೆಸಿಫಿಕ್ ವರ್ಷನ್’ ಆರಿಸಿ. ಹಳೆಯ ಎಡಿಟರ್‌ಗಳಲ್ಲಿ ಇದರ ಹೆಸರು ‘ಇನ್‌ಸ್ಟಾಲ್ ಅನದರ್ ವರ್ಷನ್’. ಬರುವ ಪಟ್ಟಿಯಲ್ಲಿ ಚೇಂಜ್‌ಲಾಗ್ ಪ್ರಕಾರ ಸೌಲಭ್ಯ ಇದ್ದ ಕೊನೆಯ ಆವೃತ್ತಿಯನ್ನು ಆರಿಸಿ, ಎಕ್ಸ್‌ಟೆನ್ಷನ್ ರೀಸ್ಟಾರ್ಟ್ ಮಾಡಿ. ಆಮೇಲೆ ‘ಆಟೋ ಅಪ್‌ಡೇಟ್’ ಗುರುತು ಹೋಗಿದೆಯಾ ಎಂದು ಕಣ್ಣಾರೆ ನೋಡಿ.

ಟರ್ಮಿನಲ್‌ನಲ್ಲಾದರೆ ‘ಕೋಡ್ --ಇನ್‌ಸ್ಟಾಲ್-ಎಕ್ಸ್‌ಟೆನ್ಷನ್’ ಎಂದು ಬರೆದು, ಪ್ರಕಾಶಕರ ಹೆಸರು, ಚುಕ್ಕಿ, ಎಕ್ಸ್‌ಟೆನ್ಷನ್ ಹೆಸರು, ಅದಕ್ಕಂಟಿ ಅಟ್ ಚಿಹ್ನೆ, ಆವೃತ್ತಿ ಸಂಖ್ಯೆ ಕೊಡಬೇಕು. ನಡುವೆ ಜಾಗ ಬಿಡುವಂತಿಲ್ಲ. ಸೌಲಭ್ಯ ಯಾವ ಆವೃತ್ತಿಯಲ್ಲಿ ಹೋಯಿತೆಂದು ಗೊತ್ತಿಲ್ಲದಿದ್ದರೆ ಪಟ್ಟಿಯ ನಡುವಿನದನ್ನು ಹಾಕಿ ನೋಡಿ. ಇದ್ದರೆ ಹೊಸದರ ಕಡೆಗೆ, ಇಲ್ಲದಿದ್ದರೆ ಹಳೆಯದರ ಕಡೆಗೆ ಅರ್ಧರ್ಧ ಸರಿಯಿರಿ. ಇದನ್ನೆಲ್ಲ ದಿನದ ಕೆಲಸದ ಎಡಿಟರ್‌ನಲ್ಲಿ ಮಾಡಬೇಡಿ. ‘--ಎಕ್ಸ್‌ಟೆನ್ಷನ್ಸ್-ಡಿರ್’ ಮತ್ತು ‘--ಯೂಸರ್-ಡೇಟಾ-ಡಿರ್’ಗೆ ಎರಡು ಖಾಲಿ ಫೋಲ್ಡರ್ ಕೊಟ್ಟು ತೆರೆದರೆ ಪ್ರಯೋಗಕ್ಕೇ ಬೇರೆ ಎಡಿಟರ್ ಸಿಗುತ್ತದೆ. ಕೆಲಸ ಮುಗಿದ ಮೇಲೆ ಆ ಫೋಲ್ಡರ್‌ಗಳನ್ನು ಅಳಿಸಿದರಾಯಿತು.

ಲ್ಯಾಬ್‌ನಲ್ಲಿ ಮೂವತ್ತು ಸಿಸ್ಟಮ್ ಇವೆ, ನೆಟ್ ಅಷ್ಟಕ್ಕಷ್ಟೇ. ಎಲ್ಲಕ್ಕೂ ಒಂದೇ ವರ್ಷನ್ ಹಾಕೋದು ಹೆಂಗೆ ಸರ್?

ಒಂದು ಸಲ ವಿಎಸ್‌ಐಎಕ್ಸ್ ಫೈಲ್ (ಇಡೀ ಎಕ್ಸ್‌ಟೆನ್ಷನ್ ಅಡಗಿರುವ ಒಂದೇ ಫೈಲ್) ಇಳಿಸಿಕೊಂಡು ಪೆನ್ ಡ್ರೈವ್‌ನಲ್ಲಿ ಒಯ್ಯಿರಿ. ಹೊಸ ವಿಎಸ್ ಕೋಡ್‌ನಲ್ಲಿ ಎಕ್ಸ್‌ಟೆನ್ಷನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಡೌನ್‌ಲೋಡ್ ವಿಎಸ್‌ಐಎಕ್ಸ್’, ಅದರ ಜೊತೆಗೇ ನಿರ್ದಿಷ್ಟ ಆವೃತ್ತಿಯ ಆಯ್ಕೆಯೂ ಇದೆ. ಮೊಬೈಲ್ ಹಾಟ್‌ಸ್ಪಾಟ್ ಸಾಕು. ಪ್ರತಿ ಸಿಸ್ಟಮ್‌ನಲ್ಲಿ ಎಕ್ಸ್‌ಟೆನ್ಷನ್ ಪಟ್ಟಿಯ ಮೇಲಿನ ಮೂರು ಚುಕ್ಕಿ ಒತ್ತಿ ‘ಇನ್‌ಸ್ಟಾಲ್ ಫ್ರಮ್ ವಿಎಸ್‌ಐಎಕ್ಸ್’ ಆರಿಸಬಹುದು. ಮೂವತ್ತು ಸಿಸ್ಟಮ್‌ಗೆ ಅದಕ್ಕಿಂತ ಒಂದು ಬ್ಯಾಚ್ ಫೈಲ್ ಮೇಲು. ಅದರೊಳಗೆ ‘ಕೋಡ್ --ಇನ್‌ಸ್ಟಾಲ್-ಎಕ್ಸ್‌ಟೆನ್ಷನ್’, ವಿಎಸ್‌ಐಎಕ್ಸ್ ಫೈಲಿನ ಪೂರ್ತಿ ವಿಳಾಸ, ಕೊನೆಗೆ ‘--ಫೋರ್ಸ್’. ಈ ಕೊನೆಯ ಪದ ಬಿಟ್ಟರೆ, ಹೊಸ ಆವೃತ್ತಿ ಈಗಾಗಲೇ ಇರುವ ಸಿಸ್ಟಮ್‌ನಲ್ಲಿ ಹಳೆಯದನ್ನು ಹಾಕಲು ಅದು ಒಪ್ಪುವುದಿಲ್ಲ.

ಎಡವುವುದು ಎರಡು ಕಡೆ. ಎಕ್ಸ್‌ಟೆನ್ಷನ್‌ಗಳು ಆಯಾ ಯೂಸರ್ ಫೋಲ್ಡರ್‌ನೊಳಗೆ ‘.ವಿಎಸ್‌ಕೋಡ್’ ಎಂಬಲ್ಲಿ ಕೂರುತ್ತವೆ. ಅಡ್ಮಿನ್ ಲಾಗಿನ್‌ನಲ್ಲಿ ಹಾಕಿದರೆ ವಿದ್ಯಾರ್ಥಿಯ ಲಾಗಿನ್‌ನಲ್ಲಿ ಕಾಣುವುದಿಲ್ಲ. ಹಾಗೆಯೇ ಕೆಲವು ಎಕ್ಸ್‌ಟೆನ್ಷನ್‌ಗಳಿಗೆ ವಿಂಡೋಸ್‌ಗೊಂದು, ಲಿನಕ್ಸ್‌ಗೊಂದು ಬೇರೆ ಬೇರೆ ವಿಎಸ್‌ಐಎಕ್ಸ್ ಇರುತ್ತವೆ. ಉಬುಂಟು ಲ್ಯಾಬ್‌ಗೆ ವಿಂಡೋಸ್ ಫೈಲ್ ಒಯ್ದರೆ ನಡೆಯದು.

ಎಲ್ಲ ಮುಗಿದ ಮೇಲೆ ‘ಕೋಡ್ --ಲಿಸ್ಟ್-ಎಕ್ಸ್‌ಟೆನ್ಷನ್ಸ್ --ಶೋ-ವರ್ಷನ್ಸ್’ ಓಡಿಸಿ, ಬಂದ ಪಟ್ಟಿಯನ್ನು ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಇಡಿ. ಪ್ರಾಜೆಕ್ಟ್ ಫೋಲ್ಡರ್‌ನ ‘ಎಕ್ಸ್‌ಟೆನ್ಷನ್ಸ್.ಜೇಸನ್’ ಶಿಫಾರಸು ಪಟ್ಟಿಯಲ್ಲಿ ಆವೃತ್ತಿ ಸಂಖ್ಯೆ ಬರೆಯಲು ಬರುವುದಿಲ್ಲ. ಹಾಗಾಗಿ ಮುಂದಿನ ವರ್ಷದ ಬ್ಯಾಚ್‌ಗೆ ಈ ಟೆಕ್ಸ್ಟ್ ಫೈಲೇ ಆಧಾರ.

ಒಂದೇ ಲ್ಯಾಬ್‌ನಾಗ ಹಳೇ ವಿಂಡೋಸ್ 7 ಸಿಸ್ಟಮ್ಮಿನಾಗ ಮೆನು ಐತಿ, ಹೊಸ ಸಿಸ್ಟಮ್ಮಿನಾಗ ಇಲ್ಲ. ಇದೇನ್ ವಿಚಿತ್ರ?

ವಿಂಡೋಸ್ 7ಕ್ಕೆ ಸಿಗುವ ಕೊನೆಯ ವಿಎಸ್ ಕೋಡ್ 1.70. ಪ್ರತಿ ಎಕ್ಸ್‌ಟೆನ್ಷನ್ ತನಗೆ ಕನಿಷ್ಠ ಯಾವ ಎಡಿಟರ್ ಬೇಕೆಂದು ‘ಇಂಜಿನ್ಸ್’ ಎಂಬಲ್ಲಿ ಹೇಳಿರುತ್ತದೆ. ಎಡಿಟರ್ ತನಗೆ ಹೊಂದುವ ಆವೃತ್ತಿಗಳಲ್ಲಿ ಅತಿ ಹೊಸದನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಹೀಗಾಗಿ ಹಳೆಯ ಸಿಸ್ಟಮ್‌ನಲ್ಲಿ ಎಕ್ಸ್‌ಟೆನ್ಷನ್ ಹಳೆಯದಾಗಿಯೇ ನಿಂತಿದೆ. ಇದೇ ರೀತಿ ವಿಂಡೋಸ್ 8 ಮತ್ತು 8.1ಕ್ಕೆ 1.79, 32 ಬಿಟ್ ವಿಂಡೋಸ್‌ಗೆ 1.83 ಕೊನೆ. ಲಿನಕ್ಸ್‌ನಲ್ಲಿ 1.86ರಿಂದ ಗ್ಲಿಬ್‌ಸಿ (ಲಿನಕ್ಸ್‌ನ ಮೂಲ ಲೈಬ್ರರಿ) 2.28 ಬೇಕು, ಅಂದರೆ ಉಬುಂಟು 18.04ರಲ್ಲಿ ನಡೆಯುವುದಿಲ್ಲ. ಆ ಹಳೆಯ ಸಿಸ್ಟಮ್‌ನಿಂದ ನಿಮಗೊಂದು ಉಪಕಾರವಿದೆ: ಅದರಲ್ಲಿರುವ ಎಕ್ಸ್‌ಟೆನ್ಷನ್‌ನ ಆವೃತ್ತಿ ಸಂಖ್ಯೆ ನೋಡಿಕೊಂಡರೆ, ಹೊಸ ಸಿಸ್ಟಮ್‌ಗೆ ಯಾವುದನ್ನು ಹಾಕಬೇಕೆಂದು ಹುಡುಕುವ ಕೆಲಸ ತಪ್ಪುತ್ತದೆ.

ಹಳೇ ವರ್ಷನ್‌ನಲ್ಲೇ ಇದ್ದುಬಿಟ್ರೆ ಏನಾಗುತ್ತೆ?

ಒಂದು ಸೆಮಿಸ್ಟರ್ ಮಟ್ಟಿಗೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಇದ್ದರೆ ಭದ್ರತೆಯ ತಿದ್ದುಪಡಿಗಳು ಬರುವುದಿಲ್ಲ, ಎಡಿಟರ್ ಮುಂದೆ ಹೋದಂತೆ ಒಂದು ದಿನ ಎಕ್ಸ್‌ಟೆನ್ಷನ್ ಮೌನವಾಗಿ ಕೆಲಸ ನಿಲ್ಲಿಸುತ್ತದೆ. ಪಾಸ್‌ವರ್ಡ್, ಟೋಕನ್, ಡೇಟಾಬೇಸ್ ಸಂಪರ್ಕ ಮುಟ್ಟುವ ಎಕ್ಸ್‌ಟೆನ್ಷನ್ ಆದರೆ ಒಂದು ಸೆಮಿಸ್ಟರ್ ಕೂಡ ಹೆಚ್ಚು.

## ಕೋಡ್‌ನಲ್ಲಿ ಹುಡುಕುವುದು

ಯಾವ ಕಮಿಟ್‌ನಲ್ಲಿ ತೆಗೆದ್ರು ಅಂತ ಕಂಡುಹಿಡಿಯೋದು ಹೇಗೆ? ಸಾವಿರಾರು ಕಮಿಟ್ ಇವೆ.

ಕಮಿಟ್ ಎಂದರೆ ಕೋಡ್‌ನ ಇತಿಹಾಸ ಇಡುವ ಗಿಟ್‌ನಲ್ಲಿ ದಾಖಲಾದ ಒಂದೊಂದು ಬದಲಾವಣೆ. ಹುಡುಕಬೇಕಾದ ಪದ ಸರಿಯಾಗಿದ್ದರೆ ಒಂದು ನಿಮಿಷದ ಕೆಲಸ. ಮೆನುವಿನಲ್ಲಿ ಕಾಣುವ ಹೆಸರನ್ನು ಹುಡುಕಬೇಡಿ. ಅದು ಅನುವಾದದ ಫೈಲ್‌ನಲ್ಲಿರಬಹುದು, ನಡುವೆ ಬದಲಾಗಿರಬಹುದು. ಕಮಾಂಡ್‌ನ ಐಡಿ ಹುಡುಕಿ. ಐಡಿ ಗೊತ್ತಿಲ್ಲವೇ? ಹಳೆಯ ವಿಎಸ್‌ಐಎಕ್ಸ್ ಒಂದು ಜಿಪ್ ಫೈಲ್ ಅಷ್ಟೇ. ಕೊನೆಯ ಹೆಸರನ್ನು ‘.ಜಿಪ್’ ಮಾಡಿ ಬಿಚ್ಚಿ, ‘ಎಕ್ಸ್‌ಟೆನ್ಷನ್’ ಫೋಲ್ಡರ್‌ನೊಳಗಿನ ‘ಪ್ಯಾಕೇಜ್.ಜೇಸನ್’ ತೆರೆದು ‘ಕಾಂಟ್ರಿಬ್ಯೂಟ್ಸ್’ ಕೆಳಗೆ ‘ಕಮಾಂಡ್ಸ್’ ನೋಡಿ.

ಆಮೇಲೆ ಎಕ್ಸ್‌ಟೆನ್ಷನ್‌ನ ಕೋಡ್ ಕ್ಲೋನ್ ಮಾಡಿದ (ಇತಿಹಾಸ ಸಮೇತ ಇಳಿಸಿಕೊಂಡ) ಫೋಲ್ಡರ್‌ನಲ್ಲಿ ‘ಗಿಟ್ ಲಾಗ್ -ಎಸ್’ ಬರೆದು, ಅದಕ್ಕಂಟಿಸಿ ಉದ್ಧರಣ ಚಿಹ್ನೆಯೊಳಗೆ ‘ನುಡಿ.ಟುಯೂನಿಕೋಡ್’ ಕೊಡಿ, ಕೊನೆಗೆ ‘--ಒನ್‌ಲೈನ್’. ಇಲ್ಲಿ ಎಸ್ ದೊಡ್ಡಕ್ಷರವೇ ಆಗಬೇಕು. ಆ ಪದ ಎಷ್ಟು ಸಲ ಬರುತ್ತದೆ ಎಂಬ ಸಂಖ್ಯೆ ಬದಲಾದ ಕಮಿಟ್‌ಗಳನ್ನು ಮಾತ್ರ ಇದು ತೋರಿಸುತ್ತದೆ. ಪದ ಈಗ ಕೋಡ್‌ನಲ್ಲಿ ಎಲ್ಲೂ ಇಲ್ಲವಾದರೆ ಮೇಲಿನ ಸಾಲೇ ತೆಗೆದ ಕಮಿಟ್, ಕೆಳಗಿನದು ಮೊದಲು ಸೇರಿಸಿದ್ದು. ‘ಗಿಟ್ ಶೋ’ ಮಾಡಿ ಅದರ ಸಂದೇಶ ಪೂರ್ತಿ ಓದಿ. ಇಶ್ಯೂ (ದೂರು, ಚರ್ಚೆಯ ಪುಟ) ಸಂಖ್ಯೆ ಇದ್ದರೆ ಅಲ್ಲಿಗೂ ಹೋಗಿ. ತೆಗೆದ ಕಾರಣ ಬಹುತೇಕ ಅಲ್ಲೇ ಇರುತ್ತದೆ.

ಏನೂ ಸಿಗದಿದ್ದರೆ ಡೇಟಾ ಉಳಿಸಲು ‘--ಡೆಪ್ತ್ 1’ ಹಾಕಿ ಕ್ಲೋನ್ ಮಾಡಿದ್ದೀರಾ ನೋಡಿ. ಅದರಲ್ಲಿ ಇತಿಹಾಸವೇ ಬಂದಿರುವುದಿಲ್ಲ. ‘ಗಿಟ್ ಫೆಚ್ --ಅನ್‌ಶಾಲೋ’ ಮಾಡಿ ಮತ್ತೆ ಹುಡುಕಿ.

ಗಿಟ್ ರಿವರ್ಟ್ ಮಾಡಿದ್ರೆ ಸಾಕಲ್ವಾ?

ರಿವರ್ಟ್ ಒಂದು ಕಮಿಟ್ ಮಾಡಿದ್ದನ್ನು ತಿರುಗಿಸಿಹಾಕುತ್ತದೆ. ತೆಗೆದು ವಾರವಾಗಿದ್ದರೆ ಅಷ್ಟು ಸಾಕು. ತಿಂಗಳುಗಳು ಕಳೆದಿದ್ದರೆ ಸುತ್ತಲಿನ ಕೋಡ್ ಬದಲಾಗಿ ಕಾನ್‌ಫ್ಲಿಕ್ಟ್ (ಎರಡು ಬದಲಾವಣೆಗಳ ಘರ್ಷಣೆ) ಬರುತ್ತದೆ. ಇನ್ನೂ ದೊಡ್ಡ ತೊಡಕೆಂದರೆ, ‘ಕ್ಲೀನಪ್’ ಎಂಬ ಒಂದೇ ಕಮಿಟ್‌ನಲ್ಲಿ ಹತ್ತು ವಿಷಯ ತೆಗೆದಿರುತ್ತಾರೆ. ಪೂರ್ತಿ ರಿವರ್ಟ್ ಮಾಡಿದರೆ ಬೇಡದ ಒಂಬತ್ತೂ ವಾಪಸ್ ಬರುತ್ತವೆ.

ಆಗ ಬೇಕಾದ ಫೈಲ್ ಮಾತ್ರ ತನ್ನಿ: ‘ಗಿಟ್ ಚೆಕ್‌ಔಟ್’, ಕಮಿಟ್ ಸಂಖ್ಯೆಗೆ ಅಂಟಿಸಿ ‘~1’, ಜಾಗ ಬಿಟ್ಟು ‘--’, ಆಮೇಲೆ ಫೈಲಿನ ದಾರಿ. ತೆಗೆದ ಕಮಿಟ್‌ಗಿಂತ ಒಂದು ಹೆಜ್ಜೆ ಹಿಂದಿನ ಸ್ಥಿತಿಯಲ್ಲಿ ಆ ಫೈಲ್ ಹೇಗಿತ್ತೋ ಹಾಗೆ ಬರುತ್ತದೆ. ಪುಸ್ತಕಗಳಲ್ಲಿ ‘~1’ರ ಬದಲು ಟೋಪಿ ಚಿಹ್ನೆ (^) ಬರೆದಿರುತ್ತಾರೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಆ ಚಿಹ್ನೆಗೆ ಬೇರೆ ಅರ್ಥ ಕೊಟ್ಟು ನುಂಗಿಬಿಡುತ್ತದೆ, ಫೈಲ್ ಸಿಗಲಿಲ್ಲವೆಂಬ ತಪ್ಪು ಸಂದೇಶ ಬಂದು ತಲೆಕೆಡುತ್ತದೆ. ‘~1’ ಎಲ್ಲ ಕಡೆ ನಡೆಯುತ್ತದೆ.

ಈಗ ಪೂರ್ತಿ ಅಳಿಸಿಹೋಗಿರುವ ಫೈಲ್‌ಗೆ ಮಾತ್ರ ಇದು ಸರಿ. ‘ಪ್ಯಾಕೇಜ್.ಜೇಸನ್’ನಂಥ ಫೈಲ್ ಈಗಲೂ ಇರುವುದರಿಂದ ಹೀಗೆ ತಂದರೆ ಇತ್ತೀಚಿನ ಎಲ್ಲ ಬದಲಾವಣೆ ಅಳಿಸಿಹೋಗುತ್ತವೆ. ಅದನ್ನು ಕೈಯಿಂದಲೇ ತಿದ್ದಬೇಕು. ತೆಗೆದದ್ದು ಮರ್ಜ್ ಕಮಿಟ್ (ಎರಡು ಕವಲು ಸೇರಿಸಿದ ಕಮಿಟ್) ಆಗಿದ್ದರೆ ರಿವರ್ಟ್‌ಗೆ ‘-ಎಂ 1’ ಸೇರಿಸಬೇಕು, ಇಲ್ಲವಾದರೆ ಗಿಟ್ ಒಪ್ಪುವುದಿಲ್ಲ.

ಕೋಡ್ ಎಲ್ಲಾ ವಾಪಸ್ ಹಾಕಿದೆ. ಪ್ಯಾಲೆಟ್‌ನಾಗ ಹೆಸರೂ ಬರ್ತೈತಿ. ಒತ್ತಿದ್ರೆ ‘ಕಮಾಂಡ್ ನಾಟ್ ಫೌಂಡ್’ ಅಂತೈತಿ!

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಪ್ಯಾಲೆಟ್‌ನಲ್ಲಿ ಹೆಸರು ಬರುವುದು ‘ಪ್ಯಾಕೇಜ್.ಜೇಸನ್’ ಓದಿ, ಒತ್ತಿದಾಗ ಕೆಲಸ ಆಗುವುದು ಕೋಡ್ ಓಡಿ. ಮೊದಲನೆಯದು ಸರಿಯಾಗಿದೆ, ಎರಡನೆಯದು ಆಗಿಲ್ಲ.

‘ಡೆವಲಪರ್: ಟಾಗಲ್ ಡೆವಲಪರ್ ಟೂಲ್ಸ್’ ತೆರೆದು ಕನ್ಸೋಲ್‌ನಲ್ಲಿ ಕೆಂಪು ಸಾಲು ಹುಡುಕಿ. ‘ಆ್ಯಕ್ಟಿವೇಟ್’ ಫಂಕ್ಷನ್ ಒಳಗೆ ಮೊದಲ ಸಾಲಿನಲ್ಲೇ ದೋಷ ಬಂದರೆ ಅದರ ಕೆಳಗಿನ ಯಾವ ಕಮಾಂಡೂ ನೋಂದಣಿಯಾಗುವುದಿಲ್ಲ. ನಿಮ್ಮ ಕಮಾಂಡ್‌ನ ತಪ್ಪೇ ಇರಬೇಕೆಂದಿಲ್ಲ. ‘ಕೆನಾಟ್ ಫೈಂಡ್ ಮಾಡ್ಯೂಲ್’ ಎಂದಿದ್ದರೆ ಸೌಲಭ್ಯ ತೆಗೆದವರು ಅದು ಬಳಸುತ್ತಿದ್ದ ಲೈಬ್ರರಿಯನ್ನೂ ‘ಡಿಪೆಂಡೆನ್ಸೀಸ್’ನಿಂದ ತೆಗೆದಿದ್ದಾರೆ. ತೆಗೆದ ಕಮಿಟ್‌ನಲ್ಲೇ ಅದರ ಹೆಸರು, ಆವೃತ್ತಿ ಇರುತ್ತದೆ. ಮರಳಿ ಸೇರಿಸಿ ‘ಎನ್‌ಪಿಎಂ ಇನ್‌ಸ್ಟಾಲ್’ ಮಾಡಿ.

ಕೆಂಪು ಸಾಲೇ ಇಲ್ಲದಿದ್ದರೆ ಎಕ್ಸ್‌ಟೆನ್ಷನ್ ಎದ್ದೇ ಇಲ್ಲ. ‘ಡೆವಲಪರ್: ಶೋ ರನ್ನಿಂಗ್ ಎಕ್ಸ್‌ಟೆನ್ಷನ್ಸ್’ ಪಟ್ಟಿಯಲ್ಲಿ ಅದಿದೆಯಾ ನೋಡಿ. 1.74ರಿಂದ ಈಚೆಗೆ, ‘ಕಮಾಂಡ್ಸ್’ನಲ್ಲಿ ಬರೆದ ಕಮಾಂಡ್ ಒತ್ತಿದರೆ ಎಕ್ಸ್‌ಟೆನ್ಷನ್ ತಾನೇ ಏಳುತ್ತದೆ. ಅದಕ್ಕಿಂತ ಹಳೆಯ ಎಡಿಟರ್‌ನಲ್ಲಿ ‘ಆ್ಯಕ್ಟಿವೇಷನ್‌ಇವೆಂಟ್ಸ್’ನಲ್ಲಿ ‘ಆನ್‌ಕಮಾಂಡ್:ನುಡಿ.ಟುಯೂನಿಕೋಡ್’ ಎಂದು ಬೇರೆ ಬರೆಯಬೇಕು. ಲ್ಯಾಪ್‌ಟಾಪ್‌ನಲ್ಲಿ ಓಡಿ, ವಿಂಡೋಸ್ 7 ಲ್ಯಾಬ್‌ನಲ್ಲಿ ಓಡದಿದ್ದರೆ ಈ ಸಾಲನ್ನೇ ಅನುಮಾನಿಸಿ.

ಎಕ್ಸ್‌ಟೆನ್ಷನ್ ಎದ್ದಿದೆ, ದೋಷವೂ ಇಲ್ಲ ಎಂದರೆ ಎರಡೇ ಸಾಧ್ಯತೆ. ಐಡಿಯಲ್ಲಿ ಒಂದು ಅಕ್ಷರ ವ್ಯತ್ಯಾಸ (ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆಯೇ), ಅಥವಾ ಹಳೆಯ ಬಿಲ್ಡ್ (ಕೋಡ್‌ನಿಂದ ಕಟ್ಟಿದ, ಓಡುವ ರೂಪ). ‘ಮೇನ್’ ಎದುರು ‘ಡಿಸ್ಟ್’ ಫೋಲ್ಡರ್‌ನ ಫೈಲ್ ಇದ್ದು ನೀವು ‘ಎಸ್‌ಆರ್‌ಸಿ’ಯಲ್ಲಿ ತಿದ್ದಿದ್ದರೆ, ಮತ್ತೆ ಬಿಲ್ಡ್ ಮಾಡುವವರೆಗೆ ಓಡುವುದು ಹಳೆಯ ಕೋಡೇ. ‘ಡಿಸ್ಟ್’ ಅಳಿಸಿ ಬಿಲ್ಡ್ ಮಾಡಿ.

ಮೆನುವಿನಲ್ಲಿ ಹೆಸರಿನ ಬದಲು ಎರಡು ಶೇಕಡಾ ಚಿಹ್ನೆಗಳ ನಡುವೆ ಏನೋ ಕಂಡರೆ ‘ಪ್ಯಾಕೇಜ್.ಎನ್‌ಎಲ್‌ಎಸ್.ಜೇಸನ್’ನಲ್ಲಿ ಆ ಸಾಲು ಸೇರಿಸುವುದು ಬಾಕಿಯಿದೆ.

## ಬಿಲ್ಡ್, ಪರೀಕ್ಷೆ, ಹಂಚಿಕೆ

ಹಳೇ ಟ್ಯಾಗ್ ತಗೊಂಡ್ರೆ ಬಿಲ್ಡೇ ಆಗ್ತಿಲ್ಲ. ‘ಡಿಜಿಟಲ್ ಎನ್ವಲಪ್’ ಅಂತ ಏನೋ ಬರುತ್ತೆ.

ಫೈಲ್‌ಗಳನ್ನು ಒಟ್ಟುಗೂಡಿಸುವ ವೆಬ್‌ಪ್ಯಾಕ್ 4 ಬಳಸುವ ಹಳೆಯ ಪ್ರಾಜೆಕ್ಟನ್ನು, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ 17 ಅಥವಾ ಹೊಸದರಲ್ಲಿ ಬಿಲ್ಡ್ ಮಾಡಿದರೆ ಇದು ಬರುತ್ತದೆ. ಹೊಸ ನೋಡ್‌ನೊಳಗಿನ ಓಪನ್‌ಎಸ್‌ಎಸ್‌ಎಲ್ 3, ವೆಬ್‌ಪ್ಯಾಕ್ ಬಳಸುವ ಹಳೆಯ ಹ್ಯಾಶ್ ವಿಧಾನವನ್ನು ಒಪ್ಪುವುದಿಲ್ಲ. ಬಿಲ್ಡ್ ಮಾಡುವ ಮಟ್ಟಿಗೆ ನೋಡ್ 16 ಬಳಸಿ, ಅಥವಾ ‘ನೋಡ್_ಆಪ್ಷನ್ಸ್’ಗೆ ‘--ಓಪನ್‌ಎಸ್‌ಎಸ್‌ಎಲ್-ಲೆಗಸಿ-ಪ್ರೊವೈಡರ್’ ಕೊಡಿ. ಇನ್ನೂ ಹಳೆಯ ಕೋಡ್‌ನಲ್ಲಿ ‘ವಿಎಸ್‌ಕೋಡ್’ ಎಂಬ ಎನ್‌ಪಿಎಂ ಪ್ಯಾಕೇಜ್ ಇದ್ದು, ಇನ್‌ಸ್ಟಾಲ್ ಕೊನೆಯಲ್ಲಿ ಅದೇ ಕೈಕೊಡುತ್ತದೆ. ಅದರ ಕಾಲ ಮುಗಿದಿದೆ. ಅದನ್ನೂ ಅದರ ‘ಪೋಸ್ಟ್‌ಇನ್‌ಸ್ಟಾಲ್’ ಸಾಲನ್ನೂ ತೆಗೆದು ‘@ಟೈಪ್ಸ್/ವಿಎಸ್‌ಕೋಡ್’ ಹಾಕಿ.

ಆದರೂ ಹಳೆಯ ಟ್ಯಾಗ್ (ಹಳೆಯ ಆವೃತ್ತಿಗೆ ಗಿಟ್‌ನಲ್ಲಿಟ್ಟ ಗುರುತು) ಬಿಲ್ಡ್ ಮಾಡುವುದು ಅದು ಹೇಗೆ ನಡೆಯುತ್ತಿತ್ತು ಎಂದು ನೋಡಲು ಮಾತ್ರ. ಸೌಲಭ್ಯವನ್ನು ಹೊಸ ಕೋಡ್‌ಗೆ ಸೇರಿಸಿ; ಹಳೆಯ ಕೋಡನ್ನು ಹೊಸದಾಗಿಸಲು ಹೊರಡಬೇಡಿ.

ಹಳೇ ಕೋಡ್ ಕರೆಯೋ ಎಪಿಐ ಈಗ ಇಲ್ಲ. ಅದರ ಬದಲು ಏನು ಬಳಸಬೇಕು?

ಹೆಚ್ಚಾಗಿ ಎದುರಾಗುವವು ಎರಡು. ‘ವರ್ಕ್‌ಸ್ಪೇಸ್.ರೂಟ್‌ಪಾತ್’ ಬದಲು ‘ವರ್ಕ್‌ಸ್ಪೇಸ್.ವರ್ಕ್‌ಸ್ಪೇಸ್‌ಫೋಲ್ಡರ್ಸ್’. ಇದೊಂದು ಪಟ್ಟಿ, ಫೋಲ್ಡರ್ ತೆರೆಯದೆ ಒಂಟಿ ಫೈಲ್ ತೆರೆದಾಗ ಇದು ಇರುವುದೇ ಇಲ್ಲ, ಹಾಗಾಗಿ ಮೊದಲು ಇದೆಯಾ ಎಂದು ಪರೀಕ್ಷಿಸಿ. ‘ವಿಎಸ್‌ಕೋಡ್.ಪ್ರಿವ್ಯೂಎಚ್‌ಟಿಎಂಎಲ್’ ಬದಲು ‘ಕ್ರಿಯೇಟ್‌ವೆಬ್‌ವ್ಯೂಪ್ಯಾನೆಲ್’. ಇಲ್ಲಿ ಸ್ಕ್ರಿಪ್ಟ್ ಮೊದಲಿಗೆ ಓಡುವುದಿಲ್ಲ, ‘ಎನೇಬಲ್‌ಸ್ಕ್ರಿಪ್ಟ್ಸ್’ ಬೇಕು. ಚಿತ್ರ, ಸಿಎಸ್‌ಎಸ್ ಫೈಲ್‌ಗಳ ವಿಳಾಸವನ್ನು ‘ಆ್ಯಸ್‌ವೆಬ್‌ವ್ಯೂಯುಆರ್‌ಐ’ ಮೂಲಕ ಬದಲಿಸಿ ಕೊಡಬೇಕು. ಖಾಲಿ ಬಿಳಿ ಪುಟ ಬಂದರೆ ಇವೆರಡರಲ್ಲೊಂದು ಮರೆತಿದೆ.

ಸೌಲಭ್ಯ ಇನ್ನೂ ಪ್ರಯೋಗದ ಹಂತದಲ್ಲಿರುವ ‘ಪ್ರಪೋಸ್ಡ್ ಎಪಿಐ’ ಮೇಲೆ ನಿಂತಿದ್ದರೆ, ಸಾಮಾನ್ಯ ವಿಎಸ್ ಕೋಡ್‌ನಲ್ಲಿ ಅದನ್ನು ಬಳಸಿ ಎಕ್ಸ್‌ಟೆನ್ಷನ್‌ಗಳ ಮಾರ್ಕೆಟ್‌ಪ್ಲೇಸ್‌ಗೆ ಹಾಕಲು ಬರುವುದಿಲ್ಲ. ಸ್ಥಿರ ಎಪಿಐಯಲ್ಲಿ ದಾರಿ ಹುಡುಕಿ.

ಕನ್ನಡ ಪಠ್ಯದ ಮೇಲೆ ಕೆಲಸ ಮಾಡೋ ಸೌಲಭ್ಯ ಆದ್ರೆ ಏನು ಪರೀಕ್ಷೆ ಮಾಡ್ಬೇಕು?

ಇಂಗ್ಲಿಷ್ ಸಾಲಿನ ಮೇಲೆ ಸರಿ ಬಂತೆಂದು ಬಿಡಬೇಡಿ. ವಿಎಸ್ ಕೋಡ್ ಸಾಲಿನೊಳಗಿನ ಸ್ಥಾನವನ್ನು ಯುಟಿಎಫ್-16 ಲೆಕ್ಕದಲ್ಲಿ ಎಣಿಸುತ್ತದೆ. ‘ಕ್ಷ’ ಕಣ್ಣಿಗೆ ಒಂದು ಅಕ್ಷರ. ಲೆಕ್ಕದಲ್ಲಿ 3, ಫೈಲಿನಲ್ಲಿ ಯುಟಿಎಫ್-8 ಬೈಟ್ 9. ಹಳೆಯ ಕೋಡ್ ಬೈಟ್ ಎಣಿಸುತ್ತಿದ್ದರೆ ಬದಲಾವಣೆ ಪಕ್ಕದ ಪದದ ಮೇಲೆ ಬೀಳುತ್ತದೆ. ಎಫ್5 ಒತ್ತಿ ಪರೀಕ್ಷೆಯ ಎಡಿಟರ್ ತೆರೆದು ಈ ಪದಗಳನ್ನು ಹಾಕಿ: ಧರ್ಮ, ಸೂರ್ಯ, ಶ್ರೀ, ಕ್ಷೇತ್ರ, ರಾಷ್ಟ್ರ, ಸಾಫ್ಟ್‌ವೇರ್, ರ‍್ಯಾಂಕ್. ನುಡಿಯ ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ಆ ಅದಲುಬದಲು ಆಗದಿದ್ದರೆ ‘ಧರ್ಮ’ ‘ಧಮ್ರ’ ಆಗುತ್ತದೆ. ಕೊನೆಯ ಎರಡು ಪದಗಳಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಅಕ್ಷರಗಳಿವೆ. ಕಾಣದ ಅಕ್ಷರಗಳನ್ನೆಲ್ಲ ಗುಡಿಸಿ ತೆಗೆಯುವಂಥ ಅತ್ಯುತ್ಸಾಹದ ಕೋಡ್ ಅವನ್ನೂ ಕಿತ್ತುಹಾಕಬಹುದು.

ಡಿಟಿಪಿ ಅಂಗಡಿಯ ಹಳೆಯ ಲಗ್ನಪತ್ರಿಕೆ ಫೈಲ್‌ಗಳ ಮೇಲೆ ಪ್ರಯೋಗ ಮಾಡುವವರು ಇನ್ನೊಂದು ಎಚ್ಚರ ವಹಿಸಬೇಕು. ನುಡಿ ಪಠ್ಯದ ಫೈಲನ್ನು ಎಡಿಟರ್ ಯುಟಿಎಫ್-8 ಎಂದು ತೆರೆದರೆ ಹಲವು ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕದ ಕಪ್ಪು ವಜ್ರ ಕಾಣುತ್ತದೆ. ಆ ಸ್ಥಿತಿಯಲ್ಲಿ ಸೇವ್ ಒತ್ತಿದರೆ ಮೂಲ ಅಕ್ಷರ ಶಾಶ್ವತವಾಗಿ ಹೋಯಿತು. ಕೆಳಪಟ್ಟಿಯ ‘ಯುಟಿಎಫ್-8’ ಮೇಲೆ ಒತ್ತಿ, ‘ರೀಓಪನ್ ವಿತ್ ಎನ್‌ಕೋಡಿಂಗ್’ನಲ್ಲಿ ‘ವೆಸ್ಟರ್ನ್ (ವಿಂಡೋಸ್ 1252)’ ಆರಿಸಿ, ಆಮೇಲೆ ಕಮಾಂಡ್ ಓಡಿಸಿ. ಪ್ರತಿಯ ಮೇಲೆ ಮಾತ್ರ.

ನಮ್ದೇ ವಿಎಸ್‌ಐಎಕ್ಸ್ ಮಾಡೋವಾಗ ಏನೇನು ಬದಲಿಸಬೇಕು?

‘ಪ್ಯಾಕೇಜ್.ಜೇಸನ್’ನಲ್ಲಿ ‘ನೇಮ್’, ‘ಪಬ್ಲಿಷರ್’, ‘ಡಿಸ್‌ಪ್ಲೇನೇಮ್’ ಮೂರನ್ನೂ ಬದಲಿಸಿ. ಮೂಲದ ಹೆಸರಲ್ಲೇ ಬಿಟ್ಟರೆ ಯಾರೋ ಒಂದು ದಿನ ಅಪ್‌ಡೇಟ್ ಒತ್ತಿ ನಿಮ್ಮ ಕೆಲಸದ ಮೇಲೆ ಮೂಲ ಆವೃತ್ತಿ ಕೂರುತ್ತದೆ. ನಂತರ ‘ಎನ್‌ಪಿಎಕ್ಸ್ @ವಿಎಸ್‌ಕೋಡ್/ವಿಎಸ್‌ಸಿಇ ಪ್ಯಾಕೇಜ್’ ಓಡಿಸಿ. ‘@ಟೈಪ್ಸ್/ವಿಎಸ್‌ಕೋಡ್’ ಆವೃತ್ತಿ ‘ಇಂಜಿನ್ಸ್’ನಲ್ಲಿ ಹೇಳಿದ್ದಕ್ಕಿಂತ ಹೊಸದಾಗಿದ್ದರೆ ಅಲ್ಲೇ ನಿಲ್ಲುತ್ತದೆ, ಎರಡನ್ನೂ ಸಮ ಮಾಡಿ.

ಹೆಸರು ಬದಲಿಸಿದ ಪರಿಣಾಮಗಳೂ ಇವೆ. ಎಕ್ಸ್‌ಟೆನ್ಷನ್ ತನ್ನೊಳಗೆ ಉಳಿಸಿಟ್ಟ ಮಾಹಿತಿ, ಲಾಗಿನ್ ಟೋಕನ್ ಎಲ್ಲ ಹಳೆಯ ಐಡಿಯ ಹೆಸರಲ್ಲಿವೆ, ಹೊಸದಕ್ಕೆ ಸಿಗುವುದಿಲ್ಲ; ಮತ್ತೆ ಲಾಗಿನ್ ಆಗಬೇಕು. ಸೆಟ್ಟಿಂಗ್‌ಗಳು ಮಾತ್ರ ಉಳಿಯುತ್ತವೆ, ಅವುಗಳ ಹೆಸರು ನೀವು ಬದಲಿಸದಿದ್ದರೆ. ಕೋಡ್‌ನಲ್ಲಿ ಎಲ್ಲಾದರೂ ‘ಗೆಟ್‌ಎಕ್ಸ್‌ಟೆನ್ಷನ್’ಗೆ ಹಳೆಯ ಐಡಿ ಕೊಟ್ಟಿದ್ದರೆ ಅದು ಖಾಲಿ ಕೈಯಲ್ಲಿ ಬರುತ್ತದೆ, ಹುಡುಕಿ ತಿದ್ದಿ. ಮೂಲ ಎಕ್ಸ್‌ಟೆನ್ಷನ್ ಮತ್ತು ನಿಮ್ಮದು ಎರಡೂ ಒಟ್ಟಿಗೆ ಇದ್ದರೆ ಒಂದೇ ಐಡಿಯ ಕಮಾಂಡ್ ಎರಡು ಸಲ ನೋಂದಣಿಯಾಗಲು ಹೋಗಿ ‘ಆಲ್ರೆಡಿ ಎಕ್ಸಿಸ್ಟ್ಸ್’ ದೋಷ ಬರುತ್ತದೆ. ಮೂಲವನ್ನು ಡಿಸೇಬಲ್ ಮಾಡಿ.

ಬೇರೆಯವರ ಕೋಡ್ ತಿದ್ದಿ ಫ್ರೆಂಡ್ಸ್‌ಗೆ ಕೊಟ್ರೆ ತಪ್ಪಲ್ವಾ?

ಲೈಸೆನ್ಸ್ ಫೈಲ್ ಹೇಳಿದಂತೆ. ಎಂಐಟಿ ಆದರೆ ಮೂಲ ಹಕ್ಕಿನ ಸಾಲು ಹಾಗೇ ಉಳಿಸಿ ಹಂಚಬಹುದು. ಅಪಾಚೆ 2.0 ಆದರೆ ತಿದ್ದಿದ ಫೈಲ್‌ಗಳಲ್ಲಿ ತಿದ್ದಿದ್ದೇವೆಂದು ನಮೂದಿಸಬೇಕು. ಜಿಪಿಎಲ್ ಆದರೆ ವಿಎಸ್‌ಐಎಕ್ಸ್ ಪಡೆದವರಿಗೆ ಸೋರ್ಸ್ ಕೂಡ ಸಿಗಬೇಕು. ಲೈಸೆನ್ಸ್ ಫೈಲೇ ಇಲ್ಲದಿದ್ದರೆ ಹಂಚುವ ಅನುಮತಿ ಇಲ್ಲವೆಂದೇ ತಿಳಿಯಿರಿ. ಗಿಟ್‌ಹಬ್‌ನಲ್ಲಿ ಕಾಣುತ್ತದೆ ಎಂಬುದು ಅನುಮತಿಯಲ್ಲ. ಪೈಥಾನ್ ಬರೆಯಲು ನೆರವಾಗುವ ಪೈಲ್ಯಾನ್ಸ್‌ನಂಥ ಎಕ್ಸ್‌ಟೆನ್ಷನ್‌ಗಳು ಮುಕ್ತ ಸೋರ್ಸ್ ಅಲ್ಲ, ಅವನ್ನು ತಿದ್ದಿ ಹಂಚುವಂತಿಲ್ಲ. ಅಂಥ ಕಡೆ ನಿಮಗೆ ಬೇಕಾದ ಒಂದೇ ಸೌಲಭ್ಯವನ್ನು ಸ್ವಂತ ಪುಟ್ಟ ಎಕ್ಸ್‌ಟೆನ್ಷನ್ ಆಗಿ ಬರೆಯುವುದು ಸರಿಯಾದ ದಾರಿ. ಒಂದು ಕಮಾಂಡ್‌ನ ಎಕ್ಸ್‌ಟೆನ್ಷನ್‌ಗೆ ‘ಪ್ಯಾಕೇಜ್.ಜೇಸನ್’ ಮತ್ತು ಒಂದು ಜಾವಾಸ್ಕ್ರಿಪ್ಟ್ ಫೈಲ್ ಸಾಕು.

ಮೂಲ ತಂಡಕ್ಕೇ ಕಳಿಸಿದ್ರೆ ತಗೋತಾರಾ? ನಮ್ಮಂಥೋರ ಮಾತು ಕೇಳ್ತಾರಾ?

ಕೇಳುತ್ತಾರೆ, ಕಳಿಸುವ ರೀತಿ ಸರಿಯಿದ್ದರೆ. ಚಿತ್ರದುರ್ಗದಿಂದ ಬಂತೋ ಕ್ಯಾಲಿಫೋರ್ನಿಯಾದಿಂದ ಬಂತೋ ಯಾರೂ ನೋಡುವುದಿಲ್ಲ. ಇದನ್ನು ಮುಂದೆ ನೋಡಿಕೊಳ್ಳುವ ಹೊರೆ ಎಷ್ಟು ಎಂದು ನೋಡುತ್ತಾರೆ. ಕೋಡ್ ಕಳಿಸುವ ಮೊದಲು ಒಂದು ಇಶ್ಯೂ ತೆರೆದು, ತೆಗೆದ ಕಮಿಟ್‌ನ ಸಂಖ್ಯೆ, ಅದರಿಂದ ನಿಂತ ಕೆಲಸ, ನೀವು ಹಾಕಿ ನೋಡಿದ ಆವೃತ್ತಿಗಳು, ಇಷ್ಟನ್ನು ಬರೆಯಿರಿ. ‘ದಯವಿಟ್ಟು ವಾಪಸ್ ತನ್ನಿ’ ಎಂಬ ಒಂದೇ ಸಾಲಿಗೆ ಉತ್ತರ ಬರುವುದು ಕಡಿಮೆ.

ಪುಲ್ ರಿಕ್ವೆಸ್ಟ್ (ನಿಮ್ಮ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಚಿಕ್ಕದಿರಲಿ. ಅದರಲ್ಲಿ ಸೌಲಭ್ಯ ಬಿಟ್ಟು ಬೇರೆ ಫೈಲಿನ ಜಾಗ, ಕಾಮಾ ಮುಟ್ಟಬೇಡಿ. ಸೌಲಭ್ಯವನ್ನು ಒಂದು ಸೆಟ್ಟಿಂಗ್ ಹಿಂದೆ ಇಟ್ಟು, ಮೊದಲಿಗೆ ‘ಫಾಲ್ಸ್’ ಮಾಡಿ. ಬೇಕಾದವರು ಮಾತ್ರ ಚಾಲೂ ಮಾಡಿಕೊಳ್ಳುತ್ತಾರೆ, ಬೇಡದವರಿಗೆ ಏನೂ ಬದಲಾಗುವುದಿಲ್ಲ. ಪರೀಕ್ಷೆ ಬರೆದು ಸೇರಿಸಿ, ಮೇಲಿನ ಕನ್ನಡ ಪದಗಳನ್ನು ಅದರಲ್ಲೇ ಇಡಿ. ಆಗ ಮುಂದೆ ಯಾರಾದರೂ ಆ ಕೋಡ್ ಮುರಿದರೆ ಬಿಲ್ಡ್ ಅಲ್ಲೇ ಕೆಂಪಾಗುತ್ತದೆ. ನಿಮ್ಮ ಬದಲಾವಣೆಯನ್ನು ಪ್ರತ್ಯೇಕ ಬ್ರಾಂಚ್‌ನಲ್ಲಿ, ಆದಷ್ಟು ಒಂದೇ ಕಮಿಟ್ ಆಗಿ ಇಟ್ಟುಕೊಳ್ಳಿ. ಅವರು ಒಪ್ಪದಿದ್ದರೂ ಪ್ರತಿ ಹೊಸ ಆವೃತ್ತಿ ಬಂದಾಗ ‘ಗಿಟ್ ರಿಬೇಸ್’ನಿಂದ ಅದನ್ನು ಹೊಸ ಕೋಡ್‌ನ ಮೇಲೆ ಕೂರಿಸಿ, ಕಾನ್‌ಫ್ಲಿಕ್ಟ್ ಬಂದರೆ ಬಿಡಿಸಿ, ಹೊಸ ವಿಎಸ್‌ಐಎಕ್ಸ್ ಕಟ್ಟಿ ಲ್ಯಾಬ್‌ಗೆ ಹಾಕಬಹುದು.